ಸೆವೆನ್ ಬೆಟ್ಟಗಳ ಕಥೆ: ಒಂದು ಸೇತುವೆ, ರೇಷ್ಮೆ ಹುಳು, ಮತ್ತೆ ಒಂದು ಕತ್ತೆ

(1)
ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಸೆವೆನ್ ಅಂದ್ರೆ ಇಂಗ್ಲಿಷಿನ ಏಳು ಅಲ್ಲ. ಅದು ಫ್ರಾನ್ಸಿನ ದಕ್ಷಿಣದಲ್ಲಿರೋ ಒಂದು ಬೆಟ್ಟಸೀಮೆಯ ಹೆಸರು. ಮೆಡಿಟರೇನಿಯನ್ ಕರಾವಳಿಯಿಂದ ಒಳಕ್ಕೆ ಬಂದು, ದ್ರಾಕ್ಷಿತೋಟಗಳ ಬಯಲು ದಾಟಿದ್ರೆ ನೆಲ ಇದ್ದಕ್ಕಿದ್ದಂತೆ ಏಳೋಕೆ ಶುರುವಾಗುತ್ತೆ. ಅಲ್ಲಿಂದ ಸೆವೆನ್. ಮಾಸಿಫ್ ಸಾಂತ್ರಾಲ್ ಅನ್ನೋ ದೊಡ್ಡ ಮಲೆನಾಡಿನ ಆಗ್ನೇಯ ಅಂಚು. ಇಲ್ಲಿನ ಅತಿ ಎತ್ತರದ ಜಾಗ ಲೊಜೇರ್ ಬೆಟ್ಟದ ಫಿನಿಯೆಲ್ ಶಿಖರ, 1,699 ಮೀಟರ್. ಆಲ್ಪ್ಸ್ ಪರ್ವತದ ಮುಂದೆ ಇದು ಏನೂ ಅಲ್ಲ, ಹಿಮನದಿ ಇಲ್ಲ, ಕೇಬಲ್ ಕಾರಿನ ವೈಭವ ಇಲ್ಲ. ಅದಕ್ಕೇ ನಿಮ್ಮ ಫೀಡ್‌ನಲ್ಲಿ ಫ್ರಾನ್ಸ್ ಅಂದಾಗ ಇದು ಬರೋದು ಕಡಿಮೆ.

ಮೊದಲನೇ ಫೋಟೋ ನೋಡಿ. ಕಲ್ಲಿನ ಕಮಾನು ಸೇತುವೆ, ಅದರ ತುದೀಲಿ ಗಡಿಯಾರದ ಗೋಪುರ, ಕೆಳಗೆ ಬಂಡೆಗಳ ಮಧ್ಯೆ ತಾರ್ನ್ ನದಿ. ಊರಿನ ಹೆಸರು ಲ ಪೋಂ-ದ-ಮೋಂವೇರ್. ಬೇಸಿಗೇಲಿ ಮಕ್ಕಳು ಇದೇ ಬಂಡೆ ಮೇಲಿಂದ ನೀರಿಗೆ ಹಾರ್ತಾರೆ. ಎಷ್ಟು ಮುದ್ದಾದ ಹಳ್ಳಿ ಅನ್ಸುತ್ತಲ್ವಾ? ಫ್ರಾನ್ಸಿನ ಅತ್ಯಂತ ಬಲಿಷ್ಠ ರಾಜನ ವಿರುದ್ಧ ಒಂದು ಯುದ್ಧ ಶುರುವಾಗಿದ್ದು ಈ ಸೇತುವೆ ಪಕ್ಕದ ಒಂದು ಮನೆಯಿಂದ. ಮುಂದಿನ ಎರಡು ಕ್ಯಾಪ್ಷನ್ ಅದರ ಬಗ್ಗೆ. ಸ್ವಲ್ಪ ರಕ್ತ ಇದೆ, ಮೊದಲೇ ಹೇಳಿಬಿಡ್ತೀನಿ.

(2)
16ನೇ ಶತಮಾನದಲ್ಲಿ ಸೆವೆನ್ ಜನ ಬಹುಪಾಲು ಪ್ರಾಟೆಸ್ಟಂಟ್ ಆದ್ರು. ಉಣ್ಣೆ ಹಿಂಜೋರು, ನೇಕಾರರು, ಚಮ್ಮಾರರು, ಸಣ್ಣ ರೈತರು. ತಮ್ಮ ಭಾಷೇಲಿ ಅಲ್ಲದಿದ್ರೂ ಫ್ರೆಂಚಿನಲ್ಲಿ ಬೈಬಲ್ ಓದ್ತೀವಿ ಅಂತ ಅಕ್ಷರ ಕಲಿತ ಜನ ಇವರು. ಮನೇಲಿ ಆಡ್ತಿದ್ದ ಮಾತು ಆಕ್ಸಿತಾನ್. 1598ರಲ್ಲಿ ನಾಲ್ಕನೇ ಹೆನ್ರಿ ರಾಜ ನಾಂತ್ ಶಾಸನ ಹೊರಡಿಸಿ ಇಂಥವರಿಗೂ ಬದುಕೋಕೆ ಜಾಗ ಕೊಟ್ಟಿದ್ದ. 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೇ ಲೂಯಿ, ಅದೇ ವರ್ಸೇ ಅರಮನೆಯ ಲೂಯಿ, ಆ ಶಾಸನವನ್ನ ರದ್ದು ಮಾಡಿದ.

ರದ್ದು ಅಂದ್ರೆ ಏನಾಯ್ತು ಅನ್ನೋದನ್ನ ಪಠ್ಯಪುಸ್ತಕ ಒಂದೇ ಸಾಲಲ್ಲಿ ಮುಗಿಸುತ್ತೆ. ಇಲ್ಲಿ ಸ್ವಲ್ಪ ನಿಲ್ಲಿ. ಪ್ರಾರ್ಥನಾ ಮಂದಿರಗಳನ್ನ ಕೆಡವಿದ್ರು. ಪಾದ್ರಿಗಳಿಗೆ ಹದಿನೈದು ದಿನದ ಗಡುವು, ಮತ ಬಿಡಿ ಇಲ್ಲ ದೇಶ ಬಿಡಿ. ಆದ್ರೆ ಸಾಮಾನ್ಯ ಜನ ದೇಶ ಬಿಡೋದೂ ಅಪರಾಧ! ಗಡಿ ದಾಟುವಾಗ ಸಿಕ್ಕಿಬಿದ್ದ ಗಂಡಸರಿಗೆ ರಾಜನ ಹಡಗುಗಳಲ್ಲಿ ಸರಪಳಿ ಹಾಕಿಸಿಕೊಂಡು ಹುಟ್ಟು ಹಾಕೋ ಶಿಕ್ಷೆ, ಹೆಂಗಸರಿಗೆ ಸೆರೆಮನೆ. ಮನೆಗಳಲ್ಲಿ ಸೈನಿಕರನ್ನ ಬಿಟ್ಟು, ಮತ ಬದಲಾಯಿಸೋವರೆಗೂ ಅವರನ್ನ ಸಾಕಿ ಅನ್ನೋ ಪದ್ಧತಿ ಇತ್ತು. ಹುಟ್ಟಿದ ಮಗುವಿಗೆ ಕ್ಯಾಥೊಲಿಕ್ ದೀಕ್ಷೆ ಕಡ್ಡಾಯ.

ಜನ ಏನ್ಮಾಡಿದ್ರು? ಹಗಲು ಚರ್ಚಿಗೆ ಹೋಗಿ ತಲೆ ತಗ್ಗಿಸಿದ್ರು, ರಾತ್ರಿ ಗುಹೆಗೆ, ಕಾಡಿಗೆ, ಕಣಿವೆಯ ತಿರುವಿಗೆ ಹೋಗಿ ತಮ್ಮ ಪ್ರಾರ್ಥನೆ ಮಾಡಿದ್ರು. ಆ ಕಾಲವನ್ನ ಅವರು ಕರೆಯೋದು 'ಮರುಭೂಮಿ' ಅಂತ. ಮರಳು ಎಲ್ಲೂ ಇಲ್ಲ, ಎಲ್ಲಾ ಹಸಿರೇ. ಬೈಬಲ್‌ನಲ್ಲಿ ಇಸ್ರೇಲಿನ ಜನ ಈಜಿಪ್ಟ್ ಬಿಟ್ಟು ಅಲೆದ ಮರುಭೂಮಿ ನೆನಪಿಗೆ ಬಂದು ಇಟ್ಟ ಹೆಸರು. ಪಾದ್ರಿಗಳೇ ಇಲ್ಲದ ಕಡೆ ಹಳ್ಳಿಯ ಹುಡುಗ ಹುಡುಗೀರು ಎದ್ದು ನಿಂತು ದೇವರ ಮಾತು ಬರ್ತಿದೆ ಅಂತ ನಡುಗುತ್ತಾ ಹೇಳೋಕೆ ಶುರುಮಾಡಿದ್ರು. ಬಹಳಷ್ಟು ಜನ ನಿಮ್ಮ ವಯಸ್ಸಿನವರೇ.

(3)
1702, ಜುಲೈ 24ರ ರಾತ್ರಿ. ಪೋಂ-ದ-ಮೋಂವೇರ್‌ನ ಸೇತುವೆ ಪಕ್ಕದ ಮನೇಲಿ ಆ ಸೀಮೆಯ ಕ್ಯಾಥೊಲಿಕ್ ಹಿರಿಯ ಪಾದ್ರಿ ದು ಶೈಲಾ ಇದ್ದ. ಜಿನೀವಾ ಕಡೆ ತಪ್ಪಿಸಿಕೊಂಡು ಹೋಗ್ತಿದ್ದ ಒಂದು ಗುಂಪನ್ನ ಹಿಡಿಸಿ ಅದೇ ಮನೇಲಿ ಕೂಡಿಹಾಕಿದ್ದ. ಅವರನ್ನ ಬಿಡಿಸೋಕೆ ಅಂತ ಐವತ್ತು ಅರವತ್ತು ಜನ ಹಾಡು ಹೇಳ್ತಾ ಊರೊಳಗೆ ಬಂದ್ರು. ಮುಂದೆ ಇದ್ದೋರು ಅಬ್ರಹಾಂ ಮಝೆಲ್, ಎಸ್ಪ್ರಿ ಸೆಗ್ಯೆ, ಇಬ್ಬರೂ ಉಣ್ಣೆ ಹಿಂಜೋ ಕೆಲಸದವರು. ಕೈದಿಗಳು ಬಿಡುಗಡೆ ಆದ್ರು, ಮನೆಗೆ ಬೆಂಕಿ ಬಿತ್ತು. ಪಾದ್ರಿ ಬಟ್ಟೆ ಕಟ್ಟಿಕೊಂಡು ಕಿಟಕಿಯಿಂದ ಇಳೀತಾ ಬಿದ್ದು ಕಾಲು ಮುರಿದುಕೊಂಡ. ಹಿಡಿದು ಕೊಂದ್ರು. ಒಬ್ಬೊಬ್ಬರೂ ತಮ್ಮ ಮನೆಯ ಒಬ್ಬರ ಹೆಸರು ಹೇಳಿ ಒಂದೊಂದು ಏಟು ಹಾಕಿದ್ರು ಅಂತ ಊರಿನ ಕಥೆ. ಮೂರು ವಾರ ಕಳೆಯೋ ಮೊದಲೇ ಸೆಗ್ಯೆ ಸಿಕ್ಕಿಬಿದ್ದ, ಅದೇ ಊರಲ್ಲಿ ಅವನನ್ನ ಜೀವಂತ ಸುಟ್ಟರು.

ಇಲ್ಲಿಂದ ಶುರುವಾಗಿದ್ದು ಕಮಿಸಾರ್ ಯುದ್ಧ. ಸ್ಥಳೀಯ ಮಾತಲ್ಲಿ ಕಮೀಸೊ ಅಂದ್ರೆ ಅಂಗಿ, ಹಳ್ಳಿಯವರ ಮಾಮೂಲಿ ಅಂಗಿ. ಹೆಸರು ಅದರಿಂದಲೇ ಬಂದಿದ್ದು ಅಂತ ಸಾಮಾನ್ಯವಾಗಿ ಒಪ್ತಾರೆ. ಯೋಚನೆ ಮಾಡಿ, ಬಂಡಾಯಗಾರರು ಒಟ್ಟು ಕೆಲವು ಸಾವಿರ, ಅವರ ಮೇಲೆ ರಾಜ ಕಳಿಸಿದ್ದು ಸುಮಾರು 20,000 ಸೈನಿಕರನ್ನ. ಅವರ ನಾಯಕರಲ್ಲಿ ಒಬ್ಬ ಜಾಂ ಕವಾಲಿಯೆ, ಬೇಕರಿಯಲ್ಲಿ ಕೆಲಸ ಕಲೀತಿದ್ದ ಹುಡುಗ, ಇನ್ನೂ ಇಪ್ಪತ್ತೊಂದು ವರ್ಷ. ಪ್ರತಿ ತಿರುವು, ಪ್ರತಿ ಗುಹೆ ಗೊತ್ತಿರೋದೇ ಇವರ ಆಯುಧ. ಸೈನ್ಯಕ್ಕೆ ಅದು ಅರ್ಥ ಆದಾಗ ಮಾಡಿದ ಕೆಲಸ ಏನು ಗೊತ್ತಾ? 1703ರ ಶರತ್ಕಾಲದಲ್ಲಿ ಬೆಟ್ಟದ ಮೇಲಿನ ನಾನೂರಕ್ಕೂ ಹೆಚ್ಚು ಹಳ್ಳಿ, ಕೇರಿಗಳನ್ನ ಲೆಕ್ಕ ಹಾಕಿ ಸುಟ್ಟರು. ಆಶ್ರಯ ಕೊಡೋರೇ ಇಲ್ಲ ಅಂದ್ರೆ ಬಂಡಾಯ ತಾನಾಗೇ ಸಾಯುತ್ತೆ ಅನ್ನೋ ಲೆಕ್ಕ.

ಕಮಿಸಾರರನ್ನ ದೇವತೆ ಮಾಡೋದು ಬೇಡ. 1703ರ ಫೆಬ್ರವರಿಯಲ್ಲಿ ಫ್ರೈಸಿನೆ-ದ-ಫುರ್ಕ್ ಅನ್ನೋ ಕ್ಯಾಥೊಲಿಕ್ ಹಳ್ಳಿಗೆ ನುಗ್ಗಿ ಹೆಂಗಸರು ಮಕ್ಕಳನ್ನೂ ಕೊಂದಿದ್ದು ಇವರೇ. ಅದೇ ಏಪ್ರಿಲ್‌ನಲ್ಲಿ ನೀಮ್ ಪಟ್ಟಣದ ಒಂದು ಗಿರಣಿಯಲ್ಲಿ ಗುಟ್ಟಾಗಿ ಪ್ರಾರ್ಥನೆ ಮಾಡ್ತಿದ್ದ ಪ್ರಾಟೆಸ್ಟಂಟರನ್ನ ಸೈನ್ಯ ಬೆಂಕಿ ಹಚ್ಚಿ ಕೊಂದಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓದಬೇಕು. ಆದ್ರೂ ಒಂದು ಮಾತು: ಇಡೀ ರಾಜ್ಯದ ಬಲ ಒಂದು ಕಡೆ, ಹಿಂಜೋ ಕೆಲಸದವರು ಇನ್ನೊಂದು ಕಡೆ ಇದ್ದಾಗ 'ಎರಡೂ ಕಡೆ ತಪ್ಪಿತ್ತು' ಅಂತ ಹೇಳಿ ಸುಮ್ಮನಾಗೋದು ನನಗೆ ಸರಿ ಅನ್ಸಲ್ಲ.

1704ರಲ್ಲಿ ಕವಾಲಿಯೆ ರಾಜಿ ಮಾಡ್ಕೊಂಡ. ಅವನ ಕಡೆಯವರೇ ಅನೇಕರು ಅವನನ್ನ ದ್ರೋಹಿ ಅಂದ್ರು. ಆಮೇಲೆ ಅವನು ದೇಶ ಬಿಟ್ಟು, ಕೊನೆಗೆ ಇಂಗ್ಲೆಂಡಿನ ಸೈನ್ಯ ಸೇರಿ ಮೇಜರ್ ಜನರಲ್ ಆಗಿ 1740ರಲ್ಲಿ ತೀರಿಕೊಂಡ. ಬೇಕರಿ ಹುಡುಗ! ಇನ್ನೊಬ್ಬ ನಾಯಕ ರೋಲಾಂ ರಾಜಿಗೆ ಒಪ್ಪಲಿಲ್ಲ, ಅದೇ ಆಗಸ್ಟ್‌ನಲ್ಲಿ ಗುಂಡಿಗೆ ಬಲಿಯಾದ. ಅವನು ಹುಟ್ಟಿದ ಮನೆ ಮಾಸ್ ಸುಬೆರಾಂ ಅನ್ನೋ ಪುಟ್ಟ ಕೇರೀಲಿ ಇನ್ನೂ ಇದೆ, ಈಗ 'ಮರುಭೂಮಿ ಮ್ಯೂಸಿಯಂ'. ಪ್ರತಿ ವರ್ಷ ಸೆಪ್ಟೆಂಬರ್‌ನ ಮೊದಲ ಭಾನುವಾರ ಸಾವಿರಾರು ಜನ ಅಲ್ಲಿ ಮರಗಳ ಕೆಳಗೆ ಸೇರ್ತಾರೆ. ಪ್ರಾಟೆಸ್ಟಂಟರಿಗೆ ಕಾನೂನಿನಲ್ಲಿ ಮತ್ತೆ ಜಾಗ ಸಿಕ್ಕಿದ್ದು 1787ರಲ್ಲಿ. ಲೆಕ್ಕ ಹಾಕಿ, ನೂರೆರಡು ವರ್ಷ.

ಇನ್ನೊಂದು ತಮಾಷೆ ಅಲ್ಲದ ತಮಾಷೆ. ಸಾಂ-ಜಾಂ-ದು-ಗಾರ್‌ನಿಂದ ಫ್ಲೋರಾಕ್‌ಗೆ ಬೆಟ್ಟದ ನೆತ್ತಿ ಮೇಲೇ ಹೋಗೋ ಒಂದು ರಸ್ತೆ ಇದೆ, ಕಾರ್ನಿಶ್ ಅಂತಾರೆ. ಬೈಕ್ ಓಡಿಸೋರಿಗೆ ಸ್ವರ್ಗ. ಬೆಟ್ಟದ ಹಳೇ ದಾರಿಗಳನ್ನ ರಾಜನ ಅಧಿಕಾರಿ ಬಾವಿಲ್ ಅಗಲ ಮಾಡಿಸಿದ್ದು ಸೈನ್ಯ, ಫಿರಂಗಿ ಬೇಗ ಬರಲಿ ಅಂತ. ಇವತ್ತು ಸೂರ್ಯಾಸ್ತದ ಫೋಟೋ ತೆಗೆಯೋ ತಿರುವುಗಳು ಆ ಕಾಲದವು.

(4)
ಈ ಫೋಟೋದಲ್ಲಿ ಕಾಣೋ ಮೆಟ್ಟಿಲುಗಳನ್ನ ಗಮನಿಸಿ. ಇಡೀ ಬೆಟ್ಟದ ಇಳಿಜಾರಿಗೆ ಗಾರೆ ಇಲ್ಲದ ಕಲ್ಲಿನ ಗೋಡೆ ಕಟ್ಟಿ, ಮಣ್ಣು ತುಂಬಿ ಮಾಡಿದ ಸಣ್ಣ ಸಣ್ಣ ಪಟ್ಟಿ ಹೊಲಗಳು. ಜೋರು ಮಳೆಗೆ ಮಣ್ಣು ಜಾರಿದ್ರೆ ಬುಟ್ಟೀಲಿ ಹೊತ್ತು ಮತ್ತೆ ಮೇಲಕ್ಕೆ ಹಾಕ್ತಿದ್ರು. ಇಲ್ಲಿ ಮಳೆ ಅಂದ್ರೆ ಹುಡುಗಾಟ ಅಲ್ಲ. ಶರತ್ಕಾಲದಲ್ಲಿ ಸಮುದ್ರದ ಬೆಚ್ಚನೆ ಗಾಳಿ ಬೆಟ್ಟಕ್ಕೆ ಬಡಿದು ಒಂದೇ ದಿನದಲ್ಲಿ ಸುರಿದುಬಿಡುತ್ತೆ. 2002ರ ಸೆಪ್ಟೆಂಬರ್‌ನಲ್ಲಿ ಆಂದ್ಯೂಜ್ ಊರಲ್ಲಿ ಇಪ್ಪತ್ನಾಲ್ಕು ಗಂಟೇಲಿ 600 ಮಿಲಿಮೀಟರ್‌ಗೂ ಜಾಸ್ತಿ ಬಿತ್ತು.

ಇಂಥ ನೆಲದಲ್ಲಿ ಗೋಧಿ ಬೆಳೆಯೋದು ಕಷ್ಟ. ಜನರನ್ನ ಸಾಕಿದ್ದು ಚೆಸ್ಟ್‌ನಟ್ ಮರ. ಅದಕ್ಕೆ ಅವರಿಟ್ಟ ಹೆಸರೇ 'ಬ್ರೆಡ್ ಮರ'. ಕಾಯಿಯನ್ನ ಎರಡಂತಸ್ತಿನ ಪುಟ್ಟ ಕಲ್ಲು ಮನೇಲಿ, ಕೆಳಗೆ ಹೊಗೆ, ಮೇಲೆ ಕಾಯಿ, ವಾರಗಟ್ಟಲೆ ಒಣಗಿಸಿ ವರ್ಷವಿಡೀ ತಿಂತಿದ್ರು. ಬಡವರ ಊಟ. ಈಗ ಅದೇ ಚೆಸ್ಟ್‌ನಟ್ ಹಿಟ್ಟು ದುಬಾರಿ ಅಂಗಡಿಗಳಲ್ಲಿ.

(5)
ಈಗ ನಮಗೆ ಹತ್ತಿರದ ವಿಷಯಕ್ಕೆ ಬರೋಣ. ರಾಮನಗರ, ಶಿಡ್ಲಘಟ್ಟ, ಕನಕಪುರ ಕಡೆಯೋರು ಇದ್ರೆ ಕಾಮೆಂಟಲ್ಲಿ ಕೈ ಎತ್ತಿ, ಯಾಕಂದ್ರೆ ಇದು ನಿಮ್ಮ ಮನೆ ಕಥೆ.

1709ರ ಚಳಿಗಾಲ ಯುರೋಪಿನಲ್ಲಿ ಭಯಂಕರವಾಗಿತ್ತು. ದಕ್ಷಿಣ ಫ್ರಾನ್ಸಿನ ಆಲಿವ್ ಮರಗಳು, ಬಹಳಷ್ಟು ಚೆಸ್ಟ್‌ನಟ್ ಮರಗಳು ಚಳಿಗೆ ಸತ್ತವು. ಖಾಲಿಯಾದ ಜಾಗಕ್ಕೆ ಬಂದಿದ್ದು ಹಿಪ್ಪುನೇರಳೆ. ರೇಷ್ಮೆ ಆ ಸೀಮೆಗೆ ಹೊಸದೇನಲ್ಲ, ಆದ್ರೆ ಇಡೀ ಬೆಟ್ಟ ಅದರ ಹಿಂದೆ ಬಿದ್ದಿದ್ದು ಈಗ. ಬ್ರೆಡ್ ಮರದ ಪಕ್ಕ 'ಚಿನ್ನದ ಮರ' ನಿಂತಿತು, ಹಿಪ್ಪುನೇರಳೆಗೆ ಅವರು ಹಾಗೇ ಅಂತಿದ್ದಿದ್ದು.

ಫೋಟೋದಲ್ಲಿರೋ ಆ ಎತ್ತರದ ಕಲ್ಲು ಮನೆ ನೋಡಿ. ಮೇಲಿನ ಅಂತಸ್ತಿಗೆ ಸಾಲಾಗಿ ಚಿಕ್ಕ ಕಿಟಕಿ, ಮೂಲೇಲಿ ಒಲೆ, ಛಾವಣೀಲಿ ಗಾಳಿ ಹೋಗೋ ಕಿಂಡಿ. ಅದು ಮನುಷ್ಯರಿಗೆ ಕಟ್ಟಿದ್ದಲ್ಲ, ಹುಳುಗಳಿಗೆ! ಮಾನ್ಯಾನ್ರಿ ಅಂತ ಹೆಸರು. ರೇಷ್ಮೆ ಹುಳುವಿಗೆ ಅಲ್ಲಿ 'ಮಾನ್ಯಾನ್' ಅಂತಾರೆ. ಹುಳು ಮನೆ ಅಂತ ನಾವು ಅನ್ನೋದೂ ಅದನ್ನೇ. ವಸಂತ ಬಂತು ಅಂದ್ರೆ ಹೆಂಗಸರು ಮೊಟ್ಟೆಗಳನ್ನ ಪುಟ್ಟ ಬಟ್ಟೆ ಚೀಲದಲ್ಲಿ ಕಟ್ಟಿ ಲಂಗದೊಳಗೆ, ಎದೆಗವಚಿ ಇಟ್ಕೊಂಡು ಮೈಯ ಬಿಸಿಯಲ್ಲೇ ಮರಿ ಮಾಡಿಸ್ತಿದ್ರು. ಸುಮಾರು ಮೂವತ್ತು ಗ್ರಾಂ ಮೊಟ್ಟೆ ಅಂದ್ರೆ ನಲವತ್ತು ಸಾವಿರದ ಹತ್ತಿರ ಹುಳು. ಅವು ಗೂಡು ಕಟ್ಟೋ ಹೊತ್ತಿಗೆ ತಿನ್ನೋದು ಹೆಚ್ಚುಕಡಿಮೆ ಒಂದು ಟನ್ ಸೊಪ್ಪು. ನಾಲ್ಕನೇ ಜ್ವರ ಎದ್ದ ಮೇಲಿನ ಆ ಕೊನೇ ವಾರದಲ್ಲಿ ಹುಳು ಸೊಪ್ಪು ಕಡಿಯೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ, ನೋಡಿರೋರಿಗೆ ಗೊತ್ತು. ಆಗ ಮನೇಲಿ ಯಾರಿಗೂ ನಿದ್ದೆ ಇಲ್ಲ.

ನಮ್ಮಲ್ಲಿ ವರ್ಷಕ್ಕೆ ಐದಾರು ಬೆಳೆ ತೆಗೀತಾರೆ. ಅಲ್ಲಿ ಚಳಿ, ಎಲೆ ಚಿಗುರೋದು ವಸಂತದಲ್ಲಿ ಮಾತ್ರ, ಹಾಗಾಗಿ ಒಂದೇ ಬೆಳೆ. ಅದು ಕೆಟ್ರೆ ಇಡೀ ವರ್ಷದ ಕಾಸು ಹೋಯ್ತು. 1853ರಲ್ಲಿ ಫ್ರಾನ್ಸ್ ಒಟ್ಟು 26,000 ಟನ್ ಗೂಡು ಬೆಳೀತು. ಅದೇ ಶಿಖರ. ಆಮೇಲೆ ಹುಳುಗಳ ಮೈಮೇಲೆ ಕಪ್ಪು ಚುಕ್ಕಿ ಕಾಣಿಸಿಕೊಳ್ತು.

(6)
ಚುಕ್ಕಿ ನೋಡೋಕೆ ಮೆಣಸಿನ ಪುಡಿ ಉದುರಿಸಿದ ಹಾಗೆ. ಅಲ್ಲಿನ ಮಾತಲ್ಲಿ ಮೆಣಸಿಗೆ ಪೆಬ್ರೆ, ಅದಕ್ಕೇ ರೋಗದ ಹೆಸರು ಪೆಬ್ರಿನ್. ನಮ್ಮ ರೈತರು ಗಂಟು ರೋಗ ಅನ್ನೋದು ಇದನ್ನೇ. ಹುಳು ತಿನ್ನಲ್ಲ, ಬೆಳೆಯಲ್ಲ, ಕೆಲವು ಗೂಡು ಕಟ್ಟದೇ ಸಾಯ್ತವೆ. ಹತ್ತು ಹನ್ನೆರಡು ವರ್ಷದಲ್ಲಿ ಉತ್ಪಾದನೆ ಆರನೇ ಒಂದು ಭಾಗಕ್ಕೆ ಇಳೀತು. ಒಳ್ಳೇ ಮೊಟ್ಟೆ ಹುಡುಕಿಕೊಂಡು ವ್ಯಾಪಾರಿಗಳು ಇಟಲಿ, ಟರ್ಕಿ, ಕೊನೆಗೆ ಜಪಾನ್‌ವರೆಗೂ ಹೋದ್ರು.

ಸೆವೆನ್‌ನ ಬಾಗಿಲು ಅನ್ನಬಹುದಾದ ಊರು ಅಲೆಸ್. ಅಲ್ಲೇ ಹುಟ್ಟಿದ ರಸಾಯನಶಾಸ್ತ್ರಜ್ಞ ಜಾಂ-ಬಾಪ್ಟಿಸ್ಟ್ ದ್ಯುಮಾ ಆಗ ಸೆನೆಟರ್. ಅವರು ತಮ್ಮ ಶಿಷ್ಯ ಲೂಯಿ ಪಾಶ್ಚರ್‌ರನ್ನ ಹಿಡಿದು, ಹೋಗಿ ಇದನ್ನ ನೋಡು ಅಂದ್ರು. ಪಾಶ್ಚರ್ ಜನ್ಮದಲ್ಲಿ ರೇಷ್ಮೆ ಹುಳು ಮುಟ್ಟಿರಲಿಲ್ಲ. 1865ರಲ್ಲಿ ದಾರಿಯಲ್ಲಿ ಅವಿನ್ಯೋಂ ಊರಲ್ಲಿ ಕೀಟತಜ್ಞ ಜಾಂ-ಹೆನ್ರಿ ಫಾಬ್ರ್ ಅವರ ಮನೆಗೆ ಹೋಗಿ ಒಂದು ಗೂಡು ತೋರಿಸಿ ಅಂತ ಕೇಳಿದ್ರು. ಕೈಗೆ ತಗೊಂಡು, ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆ ಅಂತ ಆಶ್ಚರ್ಯಪಟ್ರು. ಒಳಗೆ ಕೋಶ ಇರುತ್ತೆ, ಅದರಿಂದ ಚಿಟ್ಟೆ ಬರುತ್ತೆ ಅಂತ ಫಾಬ್ರ್ ವಿವರಿಸಬೇಕಾಯ್ತು. ಇದನ್ನ ಫಾಬ್ರ್ ತಾವೇ ಬರೆದಿಟ್ಟಿದ್ದಾರೆ, ಅಪಹಾಸ್ಯಕ್ಕಲ್ಲ, ಇಷ್ಟು ಗೊತ್ತಿಲ್ಲದೇ ಹೊರಟ ಧೈರ್ಯ ಮೆಚ್ಚಿ.

ಐದು ವಸಂತ ಪಾಶ್ಚರ್ ಅಲೆಸ್‌ಗೆ ಬಂದ್ರು. ಆ ವರ್ಷಗಳು ಅವರಿಗೆ ಹೇಗಿದ್ವು ಅಂತ ಕೇಳಿ. 1865ರಲ್ಲಿ ತಂದೆ ತೀರಿಕೊಂಡ್ರು, ಅದೇ ವರ್ಷ ಎರಡು ವರ್ಷದ ಮಗಳು ಕಮೀಯ್, ಮರುವರ್ಷ ಹನ್ನೆರಡರ ಮಗಳು ಸೆಸೀಲ್. 1868ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಯ್ತು. ಆಗವರಿಗೆ ನಲವತ್ತೈದು. ಹೆಂಡತಿ ಮರೀ ಮತ್ತು ಉಳಿದ ಮಗಳು ಹುಳು ಮೇಯಿಸಿ, ಆರಿಸಿ, ಬರೆದುಕೊಂಡು ಕೆಲಸ ಮುಂದುವರಿಸಿದ್ರು. ಇದು ಒಬ್ಬ ಗಂಡಸಿನ ಹೆಸರಲ್ಲಿರೋ ಮನೆಮಂದಿಯ ಸಂಶೋಧನೆ.

ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ರೋಗದ ಹುಳುವಿನೊಳಗೆ ಮೊಟ್ಟೆಯಾಕಾರದ ಹೊಳೆಯೋ ಕಣಗಳು ಕಾಣ್ತಿದ್ವು. ಪಾಶ್ಚರ್ ಮೊದಲಿಗೆ ಅವನ್ನ ರೋಗದ ಗುರುತು ಅಂದುಕೊಂಡ್ರೇ ಹೊರತು ರೋಗದ ಜೀವಿ ಅಂತಲ್ಲ. ಅದು ಹೊರಗಿಂದ ಬಂದ ಪರಜೀವಿ ಅಂತ ಅವರಿಗಿಂತ ಮೊದಲೇ ವಾದಿಸಿದ್ದು ಆಂತ್ವಾನ್ ಬೆಶಾಂ. ಇವರಿಬ್ಬರ ಜಗಳ ದೊಡ್ಡದು, ಅದಕ್ಕೆ ಬೇರೆ ಸರಣಿನೇ ಬೇಕು. ಆದ್ರೆ ರೈತನಿಗೆ ಬೇಕಾದ ಉಪಾಯ ಕೊಟ್ಟಿದ್ದು ಪಾಶ್ಚರ್. ರೋಗ ತಾಯಿಯಿಂದ ಮೊಟ್ಟೆಗೆ ಹೋಗುತ್ತೆ ಅಲ್ವಾ? ಹಾಗಿದ್ರೆ ಪ್ರತಿ ಹೆಣ್ಣು ಚಿಟ್ಟೆಯನ್ನ ಬೇರೆ ಬೇರೆ ಬಟ್ಟೆ ತುಂಡಿನ ಮೇಲೆ ಮೊಟ್ಟೆ ಇಡೋಕೆ ಬಿಡಿ. ಮೊಟ್ಟೆ ಇಟ್ಟಾದ ಮೇಲೆ ಅದೇ ಚಿಟ್ಟೆಯನ್ನ ನೀರಲ್ಲಿ ಅರೆದು ಒಂದು ಹನಿ ಮೈಕ್ರೋಸ್ಕೋಪ್ ಕೆಳಗೆ ಇಡಿ. ಕಣ ಕಂಡ್ರೆ ಆ ಮೊಟ್ಟೆ ಸುಟ್ಟುಹಾಕಿ. ಕಾಣದಿದ್ರೆ ಬಿತ್ತನೆಗೆ ಇಟ್ಕೊಳ್ಳಿ.

ಇಷ್ಟೇ. ಔಷಧಿ ಇಲ್ಲ. ಇವತ್ತು ಕರ್ನಾಟಕದ ಯಾವುದೇ ಬಿತ್ತನೆ ಕೋಠಿಗೆ ಹೋಗಿ, ತಾಯಿ ಚಿಟ್ಟೆ ಪರೀಕ್ಷೆ ಅಂತ ಒಂದು ಮೇಜಿರುತ್ತೆ, ಅರೆಯೋ ಪಾತ್ರೆ, ಮೈಕ್ರೋಸ್ಕೋಪ್. 'ರೋಗರಹಿತ ಮೊಟ್ಟೆ' ಅಂತ ರೈತ ತರೋ ಹಾಳೆಯ ಹಿಂದೆ ಇರೋದು ಅಲೆಸ್ ಪಕ್ಕದ ಆ ಮನೆಯ ಲೆಕ್ಕಾಚಾರವೇ. ಮೈಸೂರು ಸೀಮೆಗೆ ರೇಷ್ಮೆ ತಂದಿದ್ದು ಟಿಪ್ಪು ಅಂತ ಎಲ್ರಿಗೂ ಗೊತ್ತು, ಅದನ್ನ ರೋಗದಿಂದ ಕಾಯ್ತಿರೋ ಪದ್ಧತಿ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ.

(7)
ಸೆವೆನ್ ಉಳೀತಾ? ಹುಳು ಉಳೀತು, ರೇಷ್ಮೆಯ ಕಾಲ ಉಳೀಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಏಷ್ಯಾದ ಅಗ್ಗದ ರೇಷ್ಮೆ ಮಾರ್ಸೇ ಬಂದರಿಗೆ ಬೇಗ ಬೇಗ ಇಳೀತು. ಆಮೇಲೆ ಕೃತಕ ನೂಲು. ಚೆಸ್ಟ್‌ನಟ್ ಮರಕ್ಕೆ ಬೇರು ಕೊಳೆಯೋ ರೋಗ. ಅಲೆಸ್ ಸುತ್ತಲ ಕಲ್ಲಿದ್ದಲು ಗಣಿಗಳು ಕೂಲಿಗೆ ಕರೆದ್ವು, ಹುಡುಗರು ಇಳಿದು ಹೋದ್ರು. ಮೊದಲ ಮಹಾಯುದ್ಧ ಉಳಿದವರನ್ನೂ ತಗೊಳ್ತು, ಅತಿ ಪುಟ್ಟ ಹಳ್ಳಿಯ ಸ್ಮಾರಕದಲ್ಲೂ ಹೆಸರುಗಳ ಉದ್ದ ನೋಡಿದ್ರೆ ಗಾಬರಿ ಆಗುತ್ತೆ. ಸಾಂ-ಜಾಂ-ದು-ಗಾರ್‌ನ ಮೇಸೋಂ ರೂಜ್, ಅಂದ್ರೆ ಕೆಂಪು ಮನೆ, ಫ್ರಾನ್ಸಿನ ಕೊನೆಯ ನೂಲು ಬಿಚ್ಚಾಣಿಕೆ ಕಾರ್ಖಾನೆಗಳಲ್ಲಿ ಒಂದು. ಬಿಸಿನೀರಿನ ಬಾಣಲೆಗೆ ಬೆರಳು ಅದ್ದಿ ಎಳೆ ಹುಡುಕ್ತಿದ್ದ ಹೆಣ್ಣುಮಕ್ಕಳು ದುಡಿದ ಆ ಕಾರ್ಖಾನೆ 1965ರಲ್ಲಿ ಬಾಗಿಲು ಹಾಕ್ತು. ಈಗ ಅದು ಆ ಕಣಿವೆಗಳ ಮ್ಯೂಸಿಯಂ, ಹೋದ್ರೆ ತಪ್ಪಿಸಬೇಡಿ.

1970ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಕಚೇರಿ ಇರೋದು ಫ್ಲೋರಾಕ್‌ನ ಹಳೇ ಕೋಟೆಮನೇಲಿ. ಇದರ ವಿಶೇಷ ಏನಂದ್ರೆ, ಉದ್ಯಾನದ ಒಳಭಾಗದಲ್ಲೇ ಜನ ವಾಸ ಮಾಡ್ತಾರೆ, ಕುರಿ ಮೇಯಿಸ್ತಾರೆ, ಹುಲ್ಲು ಕೊಯ್ತಾರೆ. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಕಾಡು ಅಂತಲ್ಲ, ಕುರಿಗಾಹಿಗಳು ರೂಪಿಸಿದ ನೆಲ ಅಂತ. ಕಾಡು ಅಂದ್ರೆ ಜನ ಹೊರಗೆ ಹೋಗ್ಬೇಕು ಅಂತ ವಾದಿಸೋರು ಈ ಉದಾಹರಣೆಯನ್ನ ಒಮ್ಮೆ ನೋಡ್ಬೇಕು. ಜೂನ್‌ನಲ್ಲಿ ಬಯಲಿನ ಕುರಿಹಿಂಡುಗಳು ಹಳೇ ದಾರಿಗಳಲ್ಲಿ ಲೊಜೇರ್, ಎಗ್ವಾಲ್ ಬೆಟ್ಟಕ್ಕೆ ಈಗಲೂ ಏರ್ತವೆ, ಕೊರಳಿಗೆ ಗಂಟೆ, ಬೆನ್ನಿಗೆ ಬಣ್ಣದ ಉಣ್ಣೆ ಕುಚ್ಚು.

(8)
ಕತ್ತೆ ಎಲ್ಲಿ ಅಂತ ಕೇಳ್ತಿದ್ದೀರಾ? ಬಂತು.

1878ರ ಸೆಪ್ಟೆಂಬರ್ 22. ಇಪ್ಪತ್ತೇಳು ವರ್ಷದ ಒಬ್ಬ ಸ್ಕಾಟಿಷ್ ಲೇಖಕ ಲ ಮೊನಾಸ್ತಿಯೆ ಅನ್ನೋ ಊರಿಂದ ಕಾಲ್ನಡಿಗೇಲಿ ಹೊರಟ. ಜೊತೆಗೆ ಮೊಡೆಸ್ಟೀನ್ ಅನ್ನೋ ಹೆಣ್ಣು ಕತ್ತೆ, ಅದರ ಬೆನ್ನ ಮೇಲೆ ಅವನೇ ಹೇಳಿ ಹೊಲಿಸಿದ ದೊಡ್ಡ ಮಲಗೋ ಚೀಲ. ಹೆಸರು ರಾಬರ್ಟ್ ಲೂಯಿ ಸ್ಟೀವನ್ಸನ್. 'ಟ್ರೆಷರ್ ಐಲೆಂಡ್' ಇನ್ನೂ ಬರೆದಿರಲಿಲ್ಲ. ಪ್ರೀತಿಸಿದ ಹೆಂಗಸು ಅಮೆರಿಕಕ್ಕೆ ವಾಪಸ್ ಹೋಗಿದ್ದಳು, ಜೇಬಲ್ಲಿ ಕಾಸಿಲ್ಲ, ಎದೆ ರೋಗ ಬೇರೆ. ಕತ್ತೆ ಮೊದಲ ದಿನವೇ ನಡೆಯಲ್ಲ ಅಂತ ಹಟ ಹಿಡೀತು. ಹನ್ನೆರಡು ದಿನದಲ್ಲಿ ಸುಮಾರು 200 ಕಿಲೋಮೀಟರ್ ನಡೆದು ಸಾಂ-ಜಾಂ-ದು-ಗಾರ್ ತಲುಪಿ ಅಲ್ಲಿ ಕತ್ತೆಯನ್ನ ಮಾರಿದ. ಆಮೇಲೆ ಕುದುರೆಗಾಡಿ ಹತ್ತಿ ಹೋಗ್ತಾ ಅದನ್ನ ನೆನೆದು ಅತ್ತ.

1879ರಲ್ಲಿ ಬಂದ ಅವನ ಪುಸ್ತಕದ ಕೊನೇ ಭಾಗ ಪೂರಾ ಕಮಿಸಾರರ ನೆನಪು. ಯಾಕಂದ್ರೆ ಸ್ಕಾಟ್ಲೆಂಡಿನಲ್ಲೂ ರಾಜನ ವಿರುದ್ಧ ಬೆಟ್ಟದಲ್ಲಿ ಅಡಗಿ ಪ್ರಾರ್ಥನೆ ಮಾಡಿದ ಜನ ಇದ್ರು, ಅವನು ಅವರ ಕಥೆ ಕೇಳಿ ಬೆಳೆದವನು. ಪೋಂ-ದ-ಮೋಂವೇರ್ ತಲುಪಿದಾಗ ಅವನು ಹುಡುಕಿದ್ದು ದು ಶೈಲಾ ಮನೆಯ ಜಾಗವನ್ನ. ಕತ್ತೆಗೆ ಅವನು ಕೊಟ್ಟ ಏಟುಗಳನ್ನ ಇವತ್ತು ಓದುವಾಗ ಮುಜುಗರ ಆಗುತ್ತೆ, ಅದನ್ನೂ ಹೇಳಲೇಬೇಕು.

ಆ ದಾರಿಗೆ ಈಗ ಜಿ.ಆರ್. 70 ಅಂತ ನಂಬರ್. ಕೆಂಪು ಬಿಳಿ ಪಟ್ಟಿ ಗುರುತು ಹಿಡಿದು ನಡೀತಾ ಹೋಗಬಹುದು, ಬೇಕಿದ್ರೆ ಬಾಡಿಗೆಗೆ ಕತ್ತೆನೂ ಸಿಗುತ್ತೆ. ನಿಮಗಿಂತ ಅದಕ್ಕೇ ದಾರಿ ಚೆನ್ನಾಗಿ ಗೊತ್ತಿರುತ್ತೆ.

(9)
ಪೂರ್ತಿ ನಡೆಯೋಕೆ ಆಗಲ್ಲ ಅಂದ್ರೆ, ನಾನು ಆರಿಸೋದು ಇವನ್ನ. ತಾರ್ನ್ ಕಮರಿಯಲ್ಲಿ ಸಾಂತೆನಿಮಿ ಹಳ್ಳಿಯಿಂದ ದೋಣಿ. ಪಕ್ಕದ ಜೋಂತ್ ಕಮರಿಯಲ್ಲಿ ರಣಹದ್ದುಗಳು: ಈ ಸೀಮೆಯಿಂದ ಪೂರಾ ಮಾಯವಾಗಿದ್ದ ಇವನ್ನ 1981ರಿಂದ ಮತ್ತೆ ತಂದು ಬಿಟ್ರು, ಈಗ ನೂರಾರು ಹಾರ್ತಿರುತ್ತವೆ. ಎಗ್ವಾಲ್ ಶಿಖರದಲ್ಲಿ 1894ರ ಹವಾಮಾನ ವೀಕ್ಷಣಾಲಯ, ಸುತ್ತ ಜಾರ್ಜ್ ಫಾಬ್ರ್ ಅನ್ನೋ ಅರಣ್ಯಾಧಿಕಾರಿ ಬೋಳುಬೆಟ್ಟದ ಮೇಲೆ ಮತ್ತೆ ನೆಡಿಸಿದ ಕಾಡು (ಕೀಟದ ಫಾಬ್ರ್ ಬೇರೆ, ಇವರು ಬೇರೆ). ರಾತ್ರಿ ಸುಮ್ಮನೆ ತಲೆ ಎತ್ತಿ: 2018ರಿಂದ ಈ ಉದ್ಯಾನ ಅಂತಾರಾಷ್ಟ್ರೀಯ ಕತ್ತಲ ಆಕಾಶದ ಮೀಸಲು ಪ್ರದೇಶ, ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತೆ.

ಕೊನೇ ಫೋಟೋ ಲೊಜೇರ್ ಬೆಟ್ಟದ ಒಂದು ಕೇರೀದು. ಗ್ರಾನೈಟ್ ಮನೆಗಳ ಮಧ್ಯೆ ಒಂದು ಒಂಟಿ ಗಂಟೆಗೋಪುರ, ಪಕ್ಕದಲ್ಲಿ ಚರ್ಚ್ ಇಲ್ಲ. ಇಂಥವು ಸೆರ್ವಿಯೆ, ಔಲ್ತೆ, ಲ ಫಾಜ್ ಕೇರಿಗಳಲ್ಲೂ ಇವೆ, ಬಿರುಗಾಳಿ ಗಂಟೆ ಅಂತ ಹೆಸರು. ಹಿಮಗಾಳಿ ಎದ್ದು ದಾರಿ, ಆಕಾಶ ಎಲ್ಲಾ ಒಂದೇ ಬಿಳಿ ಆದಾಗ ಬೆಟ್ಟದ ಮೇಲೆ ಯಾರಾದ್ರೂ ಸಿಕ್ಕಿಕೊಂಡಿರಬಹುದು ಅಂತ ಊರಿನವರು ಗಂಟೆ ಬಾರಿಸ್ತಿದ್ರು. ಹೊರಗಿದ್ದೋರು ಸದ್ದು ಹಿಡಿದು ಮನೆಗಳ ಕಡೆ ಬರ್ತಿದ್ರು. ಬರೋನು ಯಾರು, ಯಾವ ಮತದವನು ಅಂತ ಗಂಟೆ ಬಾರಿಸೋನಿಗೆ ಗೊತ್ತಾಗ್ತಿರಲಿಲ್ಲ.

#ಇತಿಹಾಸದಹಾದಿ #ಸೆವೆನ್ #ರೇಷ್ಮೆಕಥೆ #ಕಮಿಸಾರ್ #ಕನ್ನಡದಲ್ಲಿಇತಿಹಾಸ